ತೋಟದ ಮನೆಯಲ್ಲಿ ಮೊಬೈಲ್ ಇಂಟರ್‌ನೆಟ್: ದುರ್ಬಲ ಸಿಗ್ನಲ್ ಸುಧಾರಿಸುವ ಕ್ರಮಗಳು

ಹಲಸೂರಿನಿಂದ ಹಳೆಯ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ಇಂದಿರಾನಗರ, ದೂರವಾಣಿನಗರ, ಕೃಷ್ಣರಾಜಪುರ, ಆವಲಹಳ್ಳಿಗಳನ್ನು ದಾಟಿ ಹೊಸಕೋಟೆಯನ್ನು ಸೇರಬಹುದು. ಇಂದಿರಾನಗರದಲ್ಲಿ ಕಟ್ಟಡಗಳ ತಾರಸಿಯ ಮೇಲೆ ಕೆಲವು ನೂರು ಮೀಟರಿಗೊಂದರಂತೆ ಮೊಬೈಲ್ ಆಂಟೆನಾಗಳಿವೆ. ಕೃಷ್ಣರಾಜಪುರ ದಾಟಿ ಬಿದರಹಳ್ಳಿ ಹೋಬಳಿಯ ಕಡೆಗೆ ತಿರುಗಿದರೆ, ಬಡಾವಣೆಗಳ ನಡುವೆ ಇನ್ನೂ ಉಳಿದುಕೊಂಡಿರುವ ರಾಗಿ ಹೊಲ, ದ್ರಾಕ್ಷಿ ಚಪ್ಪರ ಮತ್ತು ಹೂವಿನ ತೋಟಗಳು ಕಾಣುತ್ತವೆ. ಇಂತಹ ಕಡೆ ಊರಿನಿಂದ ಒಂದೆರಡು ಕಿಲೋಮೀಟರ್ ಒಳಗೆ, ಕೆರೆ ಏರಿಯ ಹಿಂದಿನ ತಗ್ಗಿನಲ್ಲೋ ನೀಲಗಿರಿ ತೋಪಿನ ಮಗ್ಗುಲಲ್ಲೋ ಇರುವ ತೋಟದ ಮನೆಯಲ್ಲಿ, ಫೋನಿನ ಪರದೆಯ ಮೇಲೆ ಒಂದು ಗೆರೆ ಬಂದು ಹೋಗುತ್ತಿರುತ್ತದೆ. ರಾಜಧಾನಿಯ ಸೆರಗಿನಲ್ಲಿದ್ದರೂ ಇಂಟರ್‌ನೆಟ್ ಸಿಗುವುದಿಲ್ಲ.

ಈ ರಸ್ತೆಗೂ ದೂರವಾಣಿಗೂ ಹಳೆಯ ನಂಟಿದೆ. ದೇಶಕ್ಕೆಲ್ಲ ಟೆಲಿಫೋನ್ ಉಪಕರಣಗಳನ್ನು ಒದಗಿಸಿದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ 1948ರಲ್ಲಿ ಸ್ಥಾಪನೆಯಾದದ್ದು ಇಲ್ಲಿಯೇ. ದೂರವಾಣಿನಗರವೆಂಬ ಹೆಸರು ಬಂದದ್ದೂ ಅದರಿಂದಲೇ. ಮುಂದೆ 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗೆಂದು 128 ಲೈನುಗಳ ಚಿಕ್ಕ ಟೆಲಿಫೋನ್ ವಿನಿಮಯ ಕೇಂದ್ರವನ್ನು ರೂಪಿಸಿತು. ಹವಾನಿಯಂತ್ರಣವಿಲ್ಲದೆ ನಮ್ಮ ಧೂಳು, ಬಿಸಿಲನ್ನು ತಡೆದುಕೊಂಡು ನಡೆಯುವ ಈ ಕೇಂದ್ರ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ಅಂದಿನ ದಿನಗಳಲ್ಲಿ ತಂತಿ ಊರಿನವರೆಗೆ ಬಂದರೆ ಸಾಕಿತ್ತು. ಇಂದು ತಂತಿಯಿಲ್ಲದ ಅಲೆ ತೋಟದ ಮನೆಯ ಒಳಕೋಣೆಯವರೆಗೂ ಬರಬೇಕಾಗಿದೆ.

ಹೀಗೆ ಬರದಿದ್ದರೆ ಆಗುವ ನಷ್ಟ ಚಿಕ್ಕದಲ್ಲ. 2020ರಿಂದ ರೈತರು ತಮ್ಮ ಬೆಳೆಯ ಸಮೀಕ್ಷೆಯನ್ನು ತಾವೇ ಮೊಬೈಲಿನಲ್ಲಿ ದಾಖಲಿಸುವ ವ್ಯವಸ್ಥೆ ರಾಜ್ಯದಲ್ಲಿದೆ. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ ಇವುಗಳಿಗೆಲ್ಲ ಈ ದಾಖಲೆಯೇ ಆಧಾರ. ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ತರಕಾರಿ ಕಳಿಸುವವರು ಕೊಯ್ಲಿಗೆ ಆಳು ಹಚ್ಚುವ ಮೊದಲು ಬೆಳಗಿನ ಧಾರಣೆಯನ್ನು ತಿಳಿಯಬಯಸುತ್ತಾರೆ. ಹಣ ಜಮೆಯಾಯಿತೇ ಎಂಬುದೂ ಫೋನಿನಲ್ಲಿಯೇ ತಿಳಿಯಬೇಕು. ಇದಕ್ಕೆಲ್ಲ ಪ್ರತಿಸಲ ದಿಣ್ಣೆ ಹತ್ತಿ ನಿಲ್ಲುವುದು ಸಾಧ್ಯವಾಗದೆ ಅನೇಕರು ಅಂಗಡಿಯವರು ಕೊಟ್ಟ ಯಾವುದೋ ಪೆಟ್ಟಿಗೆಯನ್ನು ಕೊಂಡು ತಂದು ಹಣ ಕಳೆದುಕೊಳ್ಳುತ್ತಾರೆ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಸಿಗ್ನಲ್ ಎಲ್ಲಿ ಚೆನ್ನಾಗಿದೆಯೋ ಅಲ್ಲಿ ಹಿಡಿದು, ಅಲ್ಲಿಂದ ಮನೆಯೊಳಕ್ಕೆ ತಂತಿಯಲ್ಲಿ ತರುವುದೇ ಸರಿಯಾದ ಕ್ರಮ. ಎಲ್ಲಿ ಚೆನ್ನಾಗಿದೆ ಎಂಬುದನ್ನು ಅಳೆದೇ ತಿಳಿಯಬೇಕು.

ಮೊದಲು ಅಳತೆ

ಪರದೆಯ ಮೇಲಿನ ಗೆರೆಗಳನ್ನು ನಂಬುವಂತಿಲ್ಲ. ಒಂದು ಕಂಪನಿಯ ಫೋನು ಎರಡು ಗೆರೆ ತೋರಿಸುವಲ್ಲಿ ಮತ್ತೊಂದು ನಾಲ್ಕು ತೋರಿಸಬಹುದು. ಅಂಕಿಯಲ್ಲಿ ನೋಡಬೇಕು. ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ 'ಸೆಟ್ಟಿಂಗ್ಸ್' ತೆರೆದು 'ಅಬೌಟ್ ಫೋನ್' ಎಂಬಲ್ಲಿ 'ಸಿಮ್ ಸ್ಟೇಟಸ್' ನೋಡಿದರೆ ಸಿಗ್ನಲ್‌ನ ಬಲವನ್ನು ಡಿ.ಬಿ.ಎಂ. ಎಂಬ ಮಾನದಲ್ಲಿ ಕೊಟ್ಟಿರುತ್ತದೆ. ಈ ಅಂಕಿ ಯಾವಾಗಲೂ ಸೊನ್ನೆಗಿಂತ ಕೆಳಗಿನದು, ಅಂದರೆ ಮೈನಸ್ ಅಂಕಿ. ಆದ್ದರಿಂದ ಮೈನಸ್ 90 ಎಂಬುದು ಮೈನಸ್ 110ಕ್ಕಿಂತ ಉತ್ತಮ. 4ಜಿ ಸಿಗ್ನಲ್ ಮೈನಸ್ 85ಕ್ಕಿಂತ ಮೇಲಿದ್ದರೆ ಬಹಳ ಚೆನ್ನಾಗಿದೆ ಎಂದು ತಿಳಿಯಬೇಕು. ಮೈನಸ್ 100ರವರೆಗೆ ಕೆಲಸ ನಡೆಯುತ್ತದೆ. ಅಲ್ಲಿಂದ ಕೆಳಗೆ ತಡವರಿಸತೊಡಗಿ, ಮೈನಸ್ 110 ದಾಟಿದರೆ ಪದೇ ಪದೇ ಕಡಿದುಹೋಗುತ್ತದೆ. ಮೈನಸ್ 120ರ ಬಳಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈ ಮಾನದ ಸ್ವಭಾವವನ್ನು ಅರಿಯುವುದು ಅವಶ್ಯಕ. ಮಣ್ಣಿನ ರಸಸಾರದ ಅಂಕಿಯನ್ನು ಬಲ್ಲ ರೈತರಿಗೆ ಇದು ಕಷ್ಟವಲ್ಲ. ರಸಸಾರ 5.5 ಇರುವ ಮಣ್ಣು 6.5 ಇರುವ ಮಣ್ಣಿಗಿಂತ ಸ್ವಲ್ಪ ಹೆಚ್ಚು ಹುಳಿ ಎಂದಲ್ಲ, ಹತ್ತು ಪಟ್ಟು ಹುಳಿ. ಇಲ್ಲಿಯೂ ಹಾಗೆಯೇ. 10 ಡೆಸಿಬೆಲ್ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ಹತ್ತು ಪಟ್ಟು, 20 ಎಂದರೆ ನೂರು ಪಟ್ಟು, 3 ಎಂದರೆ ಸುಮಾರು ಎರಡು ಪಟ್ಟು. ಒಳಕೋಣೆಯಲ್ಲಿ ಮೈನಸ್ 118, ಅಂಗಳದಲ್ಲಿ ಮೈನಸ್ 108 ಎಂದು ಬಂದರೆ, ಗೋಡೆ ಮತ್ತು ಚಾವಣಿ ಸೇರಿ ಹತ್ತರಲ್ಲಿ ಒಂಬತ್ತು ಪಾಲನ್ನು ನುಂಗಿದವೆಂದು ಅರ್ಥ.

ಅಳೆಯುವಾಗ ಒಂದು ಕಾಗದದ ಮೇಲೆ ಮನೆಯ ನಕ್ಷೆ ಬರೆದುಕೊಂಡು ಅಡಿಗೆಮನೆ, ಜಗಲಿ, ಅಂಗಳದ ನಾಲ್ಕು ಮೂಲೆ, ಪಂಪ್‌ಹೌಸ್, ತಾರಸಿ, ನೀರಿನ ಟ್ಯಾಂಕಿನ ಮೇಲ್ಭಾಗ ಹೀಗೆ ಒಂದೊಂದು ಕಡೆಯೂ ಅಂಕಿಯನ್ನು ಗುರುತಿಸಬೇಕು. ಹೊಸ ಜಾಗಕ್ಕೆ ಹೋದಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆದು, ಅರ್ಧ ನಿಮಿಷ ಕಾದು ನೋಡಬೇಕು. ಇಲ್ಲವಾದರೆ ಹಿಂದಿನ ಜಾಗದ ಟವರನ್ನೇ ಅದು ಹಿಡಿದುಕೊಂಡಿರಬಹುದು. ಫೋನನ್ನು ಮೈಗೆ ಒತ್ತಿ ಹಿಡಿಯಬಾರದು. ದೇಹವೂ ಒಂದು ಅಡ್ಡಿಯೇ. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರ ಸುಮಾರಿಗೆ ಒಮ್ಮೆ ಅಳೆದು, ಜೊತೆಗೆ ಟ್ರಾಯ್ ಸಂಸ್ಥೆಯ 'ಮೈಸ್ಪೀಡ್' ಆ್ಯಪ್‌ನಲ್ಲಿ ವೇಗವನ್ನೂ ಬರೆದಿಡಬೇಕು. ಬಲ ಮತ್ತು ವೇಗ ಎರಡೂ ಬೇಕು, ಏಕೆಂದರೆ ರೋಗ ಒಂದೇ ಬಗೆಯದಲ್ಲ.

ಅಡ್ಡಿ ಎಲ್ಲಿದೆ?

ಬಲವಾದ ಸಿಗ್ನಲ್ ಇದ್ದೂ ಸಂಜೆ ಮಾತ್ರ ನಿಧಾನವಾದರೆ ಟವರಿನ ಮೇಲೆ ಜನರ ಹೊರೆ ಹೆಚ್ಚಾಗಿದೆ ಎಂದು ತಿಳಿಯಬೇಕು. ಕೃಷ್ಣರಾಜಪುರದ ಆಚೆ ಹೊಲಗಳು ಸೈಟುಗಳಾದ ಕಡೆ ಇದು ಸಾಮಾನ್ಯ. ಕೆಲವು ನೂರು ಮನೆಗಳಿಗೆಂದು ಹಾಕಿದ ಟವರಿಗೆ ದೊಡ್ಡ ದೊಡ್ಡ ವಸತಿ ಸಮುಚ್ಚಯಗಳು ಬಂದು ಸೇರಿದರೆ ಕೊನೆಯ ಮಡಿಗೆ ನೀರು ತಲುಪುವುದಿಲ್ಲ. ಇದಕ್ಕೆ ಆಂಟೆನಾ ಎತ್ತರಿಸಿ ಪ್ರಯೋಜನವಿಲ್ಲ. ಬೇರೆ ಕಂಪನಿಯ ಸಿಮ್ ಅಥವಾ ಬೇರೆ ದಿಕ್ಕಿನ ಟವರನ್ನು ಹುಡುಕಬೇಕು, ಅಥವಾ ದೊಡ್ಡ ಫೈಲುಗಳನ್ನು ಇಳಿಸಿಕೊಳ್ಳುವ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಬೇಕು.

ಅಂಗಳದಲ್ಲಿ ಚೆನ್ನಾಗಿದ್ದು ಮನೆಯೊಳಗೆ ಮಾತ್ರ ಕುಗ್ಗಿದರೆ ಅಡ್ಡಿ ಕಟ್ಟಡದ್ದು. ಜಿಂಕ್ ಶೀಟಿನ ಚಾವಣಿ ಎಲ್ಲಕ್ಕಿಂತ ಕೆಟ್ಟದ್ದು. ಲೋಹದ ಹಾಳೆ ರೇಡಿಯೋ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಕಬ್ಬಿಣದ ಸರಳುಗಳಿರುವ ಆರ್.ಸಿ.ಸಿ. ಚಾವಣಿಯೂ ಸಾಕಷ್ಟು ತಡೆಯುತ್ತದೆ. ಮಂಗಳೂರು ಹೆಂಚು ಒಣಗಿದ್ದಾಗ ಹೆಚ್ಚು ತಡೆಯುವುದಿಲ್ಲ, ನೆನೆದಾಗ ಸ್ವಲ್ಪ ಹೆಚ್ಚು. ಇಂತಹ ಮನೆಗೆ ಖರ್ಚಿಲ್ಲದ ಉಪಾಯವೊಂದಿದೆ. ಹಳೆಯ 4ಜಿ ಫೋನೊಂದಕ್ಕೆ ಸಿಮ್ ಹಾಕಿ, ಟವರಿನ ದಿಕ್ಕಿಗಿರುವ ಕಿಟಕಿಯ ಮೇಲ್ಭಾಗದಲ್ಲಿ ಬಿಸಿಲು ಬೀಳದಂತೆ ಇಟ್ಟು 'ಹಾಟ್‌ಸ್ಪಾಟ್' ಮಾಡಿದರೆ ಮನೆಯೊಳಗಿನ ಫೋನುಗಳು ಅದರಿಂದ ಇಂಟರ್‌ನೆಟ್ ಪಡೆಯುತ್ತವೆ. ಏರ್‌ಟೆಲ್ ಮತ್ತು ಜಿಯೋ ಕಂಪನಿಗಳು ವೈಫೈ ಮೂಲಕವೇ ಕರೆ ಮಾಡುವ ಸೌಲಭ್ಯವನ್ನು 2019ರ ಕೊನೆ ಮತ್ತು 2020ರ ಆರಂಭದಲ್ಲಿ ಕೊಡತೊಡಗಿದ್ದರಿಂದ ಮಾತೂ ಇದರಲ್ಲೇ ಸಾಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ವೈಫೈ ಕಾಲಿಂಗ್' ಆನ್ ಮಾಡಿರಬೇಕು ಅಷ್ಟೆ.

ಒಳಗೂ ಹೊರಗೂ ಒಂದೇ ಸಮನೆ ದುರ್ಬಲವಾಗಿದ್ದರೆ ಅಡ್ಡಿ ಭೂಮಿಯದು ಅಥವಾ ದೂರದ್ದು. ಆವಲಹಳ್ಳಿಯ ಬಳಿಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯಂತಹ ದೊಡ್ಡ ಕೆರೆಗಳ ಏರಿಯ ಕೆಳಗಿನ ತೋಟಗಳಿಗೆ ನೀರಿನ ಅನುಕೂಲವಿದ್ದಂತೆ ಈ ಅನನುಕೂಲವೂ ಇರಬಹುದು. ಏರಿಯ ಆಚೆ ಟವರಿದ್ದರೆ ಮನೆ ಅದರ ನೆರಳಿನಲ್ಲಿ ಬೀಳುತ್ತದೆ. ಮರಗಳದ್ದು ಮತ್ತೊಂದು ಬಗೆ. ಎಲೆಯಲ್ಲಿರುವ ನೀರು ಅಲೆಯನ್ನು ಹೀರುತ್ತದೆ. ಬೇಸಿಗೆಯಲ್ಲಿ ಸಿಗುತ್ತಿದ್ದ ಸಿಗ್ನಲ್ ಮಳೆ ಹಿಡಿದ ಮೇಲೆ ಕೈಕೊಡುವುದಕ್ಕೆ ಇದೇ ಕಾರಣ. ಮಾವಿನ ಮರ ದಟ್ಟವಾಗಿ ತಡೆಯುತ್ತದೆ. ಹಾಗೆಂದು ಮಾವಿನ ಮರ ಕಡಿಯುವುದು ಬುದ್ಧಿವಂತಿಕೆಯಲ್ಲ. ಆಂಟೆನಾವನ್ನು ಜರುಗಿಸುವುದು ಮರವನ್ನು ಬೆಳೆಸುವುದಕ್ಕಿಂತ ಸುಲಭ.

ಗೆರೆ ಇದ್ದರೂ ಬೆಳೆ ಸಮೀಕ್ಷೆಯ ಚಿತ್ರ ಮೇಲಕ್ಕೆ ಹೋಗುವುದಿಲ್ಲವೆಂಬ ದೂರು ಅನೇಕರದು. ಟವರು ಹತ್ತಾರು ವಾಟ್ ಶಕ್ತಿಯಲ್ಲಿ ಕೂಗಿ ಹೇಳುತ್ತದೆ. ಫೋನಿನ ಶಕ್ತಿಯಾದರೋ ಹೆಚ್ಚೆಂದರೆ 0.2 ವಾಟ್. ಟವರಿನ ಮಾತು ಫೋನಿಗೆ ಕೇಳಿಸುತ್ತದೆ, ಫೋನಿನ ಉತ್ತರ ಟವರಿಗೆ ಕೇಳಿಸುವುದಿಲ್ಲ. ದೂರದ ಟವರಿಗೆ ಕೇಳಿಸಲೆಂದು ಫೋನು ತನ್ನ ಪೂರ್ತಿ ಶಕ್ತಿಯನ್ನು ಹಾಕುವುದರಿಂದಲೇ ಸಿಗ್ನಲ್ ಇಲ್ಲದ ಕಡೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಚಿತ್ರ ತೆಗೆಯಲು ಜಮೀನಿನಲ್ಲಿಯೇ ನಿಲ್ಲಬೇಕು, ಅದರಲ್ಲಿ ವಿನಾಯಿತಿಯಿಲ್ಲ. ಅದನ್ನು ಕಳುಹಿಸುವಾಗ ಮಾತ್ರ ಅಳತೆಯಲ್ಲಿ ಉತ್ತಮವೆಂದು ಗುರುತಿಸಿಕೊಂಡ ಜಾಗಕ್ಕೆ ಹೋಗುವುದು ಮೇಲು.

ಸಿಮ್ ಬದಲಿಸಿ ನೋಡುವುದು

ಯಾವ ಉಪಕರಣ ಕೊಳ್ಳುವುದಕ್ಕೂ ಮುಂಚೆ ನೆಂಟರ, ನೆರೆಯವರ ಬೇರೆ ಬೇರೆ ಕಂಪನಿಯ ಸಿಮ್‌ಗಳನ್ನು ಒಂದೇ ಫೋನಿಗೆ ಹಾಕಿ ಒಂದೇ ಜಾಗದಲ್ಲಿ ಅಳೆದು ನೋಡಬೇಕು. ಟವರುಗಳ ಜಾಗ ಬೇರೆಯಿರುವುದಷ್ಟೇ ಅಲ್ಲ, ಅಲೆಯ ತರಂಗಾಂತರವೂ ಬೇರೆ. ಜಿಯೋ 850, 1800 ಮತ್ತು 2300 ಮೆಗಾಹರ್ಟ್ಸ್‌ಗಳಲ್ಲಿ 4ಜಿ ಕೊಡುತ್ತದೆ. ಏರ್‌ಟೆಲ್ ಕರ್ನಾಟಕದಲ್ಲಿ 900ರಿಂದ 2300ರವರೆಗಿನ ಪಟ್ಟಿಗಳನ್ನು ಬಳಸುತ್ತದೆ. ಬಿ.ಎಸ್.ಎನ್.ಎಲ್.ನ 4ಜಿ 700 ಮತ್ತು 2100ರಲ್ಲಿದೆ. ಅಂಕಿ ಕಡಿಮೆಯಾದಷ್ಟೂ ಅಲೆ ದೂರ ಹೋಗುತ್ತದೆ, ಗೋಡೆ ಮರಗಳನ್ನು ಹೆಚ್ಚು ಸುಲಭವಾಗಿ ದಾಟುತ್ತದೆ, ಆದರೆ ಹೊರುವ ಹೊರೆ ಕಡಿಮೆ. ಬಯಲಿನಲ್ಲಿ ಒಂದೇ ದೂರಕ್ಕೆ 2100ಕ್ಕಿಂತ 700 ಮೆಗಾಹರ್ಟ್ಸ್ ಅಲೆಯ ಬಲ ಸುಮಾರು ಒಂಬತ್ತು ಪಟ್ಟು ಉಳಿದಿರುತ್ತದೆ. ತಗ್ಗಿನ ತೋಟಕ್ಕೆ ಇದು ದೊಡ್ಡ ಲಾಭ.

ಬಿ.ಎಸ್.ಎನ್.ಎಲ್. ಸಿಮ್ಮನ್ನು ಹಿಂದೆ ಒಮ್ಮೆ ನೋಡಿ ಬಿಟ್ಟವರು ಈಗ ಮತ್ತೆ ಪರೀಕ್ಷಿಸುವುದು ಒಳ್ಳೆಯದು. ದೇಶೀಯವಾಗಿಯೇ ರೂಪಿಸಿದ ಅದರ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಟವರಿನ ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಕಂಪನಿಯದು, ಒಳಗಿನ ಮುಖ್ಯ ವ್ಯವಸ್ಥೆ ಅದೇ ಸಿ-ಡಾಟ್ ಸಂಸ್ಥೆಯದು. ಯಾವ ಕಂಪನಿಯ ಸೇವೆ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಟ್ರಾಯ್ 2024ರ ನಿಯಮಗಳಲ್ಲಿ ಕಡ್ಡಾಯ ಮಾಡಿದೆ. ದೂರಸಂಪರ್ಕ ಇಲಾಖೆಯ 'ತರಂಗ್ ಸಂಚಾರ್' ತಾಣದಲ್ಲಿ ಸುತ್ತಲಿನ ಟವರುಗಳ ಸ್ಥಳವನ್ನು ನೋಡಬಹುದು. ನಕ್ಷೆಯಲ್ಲಿ ಬಣ್ಣವಿದೆಯೆಂದು ತೋಟದಲ್ಲಿ ಸಿಗ್ನಲ್ ಇದ್ದೇ ಇರುತ್ತದೆಂದು ಭಾವಿಸಬಾರದು; ಟವರು ಯಾವ ದಿಕ್ಕಿಗೆ, ಎಷ್ಟು ದೂರದಲ್ಲಿದೆ ಎಂಬುದನ್ನು ತಿಳಿಯಲು ಅದು ಸಾಕು.

ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿರುವವರಿಗೆ ಒಂದು ಮಾತು. ಅಗ್ಗದ ಸ್ಟಾರ್ಟರುಗಳಲ್ಲಿ ಬಹಳಷ್ಟು 2ಜಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. ಜಿಯೋದಲ್ಲಿ 2ಜಿ ಇಲ್ಲವಾದ್ದರಿಂದ ಆ ಸಿಮ್ ಹಾಕಿದರೆ ಸ್ಟಾರ್ಟರ್ ಮೂಕವಾಗಿರುತ್ತದೆ. ಇದನ್ನು ಸಿಗ್ನಲ್ ದೋಷವೆಂದು ತಿಳಿದು ಪಂಪ್‌ಹೌಸಿಗೆ ಆಂಟೆನಾ ಹಾಕಿಸುವುದು ವ್ಯರ್ಥ.

ಎತ್ತರ ಮತ್ತು ದಿಕ್ಕು

ಸಿಮ್ ಆರಿಸಿದ ಮೇಲೂ ಅಂಗಳದ ಅಂಕಿ ಮೈನಸ್ 105ಕ್ಕಿಂತ ಕೆಳಗಿದ್ದರೆ ಸಿಗ್ನಲನ್ನು ಎತ್ತರದಲ್ಲಿ ಹಿಡಿಯಬೇಕು. ಟವರು ಕಣ್ಣಿಗೆ ಕಂಡರೆ ಸಾಕೆಂದು ಬಹಳ ಜನ ತಿಳಿದಿದ್ದಾರೆ. ರೇಡಿಯೋ ಅಲೆ ದಾರದಂತೆ ಬರುವುದಿಲ್ಲ. ಎರಡೂ ತುದಿಯಲ್ಲಿ ಕಿರಿದಾಗಿ ನಡುವೆ ಉಬ್ಬಿದ ಸೌತೆಕಾಯಿಯಂತಹ ಜಾಗ ಅದಕ್ಕೆ ಬೇಕು. ಟವರು 4 ಕಿಲೋಮೀಟರ್ ದೂರದಲ್ಲಿದ್ದು ಅಲೆ 1800 ಮೆಗಾಹರ್ಟ್ಸ್ ಇದ್ದರೆ ನಟ್ಟನಡುವೆ ಈ ಜಾಗದ ಅರ್ಧವ್ಯಾಸ ಸುಮಾರು 13 ಮೀಟರ್. ಅದರಲ್ಲಿ ಮಧ್ಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗವಾದರೂ ತೆರವಾಗಿರಬೇಕು. ದಾರಿಯ ನಡುವಿನ ತೋಪು ನಮ್ಮ ಕೈಯಲ್ಲಿಲ್ಲ. ಆದರೆ ಮನೆಯಿಂದ 50 ಮೀಟರ್ ದೂರದ ಮರದ ಬಳಿ ಈ ಅರ್ಧವ್ಯಾಸ ಕೇವಲ 3 ಮೀಟರ್. ಆದ್ದರಿಂದ ಹತ್ತಿರದ ಮರದ ತುದಿಗಿಂತ ಎರಡು ಮೀಟರಿನಷ್ಟು ಮೇಲೆ ಅಥವಾ ಪಕ್ಕಕ್ಕೆ ಆಂಟೆನಾ ಸರಿದರೂ ಅಂಕಿಯಲ್ಲಿ ಎದ್ದು ಕಾಣುವ ಬದಲಾವಣೆಯಾಗುತ್ತದೆ.

ಇದಕ್ಕೆ ಬಳಸುವ ಸಾಧನವೆಂದರೆ ಸಿಮ್ ಹಾಕುವ ರೌಟರ್. ಇದರಲ್ಲಿ ಎರಡು ಬಗೆ. ಮೊದಲನೆಯದು ಮಳೆ ಬಿಸಿಲು ತಡೆಯುವ ಪೆಟ್ಟಿಗೆಯಲ್ಲಿ ಆಂಟೆನಾವನ್ನೂ ಒಳಗೊಂಡು ಕಂಬದ ಮೇಲೆಯೇ ಕೂರುವಂತಹದು. ಎರಡನೆಯದು ಮನೆಯೊಳಗೆ ರೌಟರ್, ಹೊರಗೆ ಆಂಟೆನಾ, ನಡುವೆ ಟಿ.ವಿ. ಕೇಬಲಿನಂತಹ ದುಂಡು ತಂತಿ ಇರುವಂತಹದು. ಅಂಗಡಿಗಳಲ್ಲಿ ಎರಡನೆಯದನ್ನು ಹೆಚ್ಚಾಗಿ ತೋರಿಸುತ್ತಾರೆ. ರೈತರಿಗೆ ಮೊದಲನೆಯದೇ ಯೋಗ್ಯ. ಕಾರಣ ತಂತಿಯಲ್ಲಿ ಆಗುವ ಸೋರಿಕೆ. ತೆಳುವಾದ ದುಂಡು ತಂತಿಯಲ್ಲಿ 10 ಮೀಟರ್ ಉದ್ದಕ್ಕೆ 7ರಿಂದ 8 ಡೆಸಿಬೆಲ್ ನಷ್ಟವಾಗುತ್ತದೆ, ಅಂದರೆ ಆಂಟೆನಾ ಹಿಡಿದದ್ದರ ಆರರಲ್ಲಿ ಐದು ಪಾಲು ದಾರಿಯಲ್ಲೇ ಹೋಗುತ್ತದೆ. ಮಣ್ಣಿನ ಕಾಲುವೆಯಲ್ಲಿ ನೀರು ಇಂಗಿಹೋದಂತೆ. ಕಂಬದ ಮೇಲೆಯೇ ರೌಟರ್ ಇದ್ದರೆ ಅಲ್ಲಿಂದ ಕೆಳಗೆ ಬರುವುದು ಸಂಖ್ಯೆಯ ರೂಪದ ಮಾಹಿತಿ; ಅದನ್ನು ತರುವ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ನಷ್ಟವಿಲ್ಲದೆ ತರುತ್ತದೆ, ಅದೇ ಕೇಬಲಿನಲ್ಲಿ ರೌಟರಿಗೆ ವಿದ್ಯುತ್ತೂ ಹೋಗುತ್ತದೆ. ಹೊರಗೆ ಹಾಕುವ ಕೇಬಲ್ ಬಿಸಿಲು ತಡೆಯುವ ಕಪ್ಪು ಹೊದಿಕೆಯದ್ದಾಗಿರಬೇಕು ಮತ್ತು ಪೂರ್ತಿ ತಾಮ್ರದ ಎಳೆಯದ್ದಾಗಿರಬೇಕು. ಅಲ್ಯುಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ಕೇಬಲನ್ನು ಕೊಳ್ಳಬಾರದು.

ಹೊರ ಆಂಟೆನಾ ಬಗೆಯನ್ನೇ ಆರಿಸಿದವರು ತಂತಿಯನ್ನು ಆದಷ್ಟು ಗಿಡ್ಡವಾಗಿ, ದಪ್ಪವಾದದ್ದನ್ನು ಬಳಸಬೇಕು. 4ಜಿ ರೌಟರಿಗೆ ಎರಡು ಆಂಟೆನಾ ಬೇಕು; ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಅರ್ಧ ಲಂಬಕೋನದಷ್ಟು ವಾಲಿ, ಗುಣಿಸು ಚಿಹ್ನೆಯಂತೆ ಇರಬೇಕು. ಒಂದನ್ನೇ ಹಾಕಿದರೆ ವೇಗ ಅರ್ಧಕ್ಕೆ ಇಳಿಯಬಹುದು. ದೂರದರ್ಶನದ ದಿನಗಳಲ್ಲಿ ತಾರಸಿಗೆ ಹಾಕಿದ್ದ ಹಳೆಯ ಟಿ.ವಿ. ಆಂಟೆನಾ ನೋಡಲು ಹೀಗೆಯೇ ಇದ್ದರೂ ಅದರ ಕಡ್ಡಿಗಳ ಅಳತೆ ಬೇರೆ ತರಂಗಾಂತರಕ್ಕೆ ಸೇರಿದ್ದು. ಅದನ್ನು ಬಳಸುವ ಆಸೆ ಬೇಡ.

ದಿಕ್ಕನ್ನು ಹೊಂದಿಸುವುದು ತಾಳ್ಮೆಯ ಕೆಲಸ. ಒಬ್ಬರು ಕಂಬದ ಬಳಿ, ಒಬ್ಬರು ರೌಟರಿನ ಅಂಕಿ ನೋಡುತ್ತಾ ಇರಬೇಕು. ಟವರಿನ ಅಂದಾಜು ದಿಕ್ಕಿನಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಅರ್ಧ ನಿಮಿಷ ಕಾದು ಬರೆದುಕೊಳ್ಳಬೇಕು. ಇಲ್ಲಿ ಬಲದ ಜೊತೆಗೆ ಇನ್ನೊಂದು ಅಂಕಿಯನ್ನೂ ಗಮನಿಸಬೇಕು. ರೌಟರಿನ ಪುಟದಲ್ಲಿ 'ಎಸ್.ಐ.ಎನ್.ಆರ್.' ಎಂದು ತೋರಿಸುವ ಈ ಅಂಕಿ ಸಿಗ್ನಲ್‌ನ ಸ್ಪಷ್ಟತೆಯನ್ನು ಹೇಳುತ್ತದೆ. ನಗರದ ಅಂಚಿನಲ್ಲಿ ಎರಡು ಮೂರು ಟವರುಗಳ ದನಿ ಒಂದರ ಮೇಲೊಂದು ಬಿದ್ದು ಸಂತೆಯ ಗದ್ದಲದಂತಾಗುತ್ತದೆ. ಈ ಅಂಕಿ 13ಕ್ಕಿಂತ ಮೇಲಿದ್ದರೆ ಒಳ್ಳೆಯದು, ಸೊನ್ನೆಗಿಂತ ಕೆಳಗಿದ್ದರೆ ಬಲವಿದ್ದೂ ಉಪಯೋಗವಿಲ್ಲ. ಬಲ ಎರಡು ಮೂರು ಡೆಸಿಬೆಲ್ ಕಡಿಮೆಯಾದರೂ ಸ್ಪಷ್ಟತೆ ಹೆಚ್ಚಿರುವ ದಿಕ್ಕನ್ನೇ ಆರಿಸಬೇಕು. ಕೆಲವೊಮ್ಮೆ ಹತ್ತಿರದ ಟವರಿಗೆ ಬೆನ್ನು ತಿರುಗಿಸಿ ದೂರದ್ದನ್ನು ನೋಡಿದಾಗ ಕೆಲಸ ಚೆನ್ನಾಗಿ ಸಾಗುವುದುಂಟು.

ಒಂದು ಉದಾಹರಣೆ ನೋಡಬಹುದು. ಶೀಟಿನ ಮನೆಯೊಳಗೆ ಮೈನಸ್ 118, ಅಂಗಳದಲ್ಲಿ ಮೈನಸ್ 108, ತಾರಸಿಯಿರುವ ಪಂಪ್‌ಹೌಸಿನ ಮೇಲೆ ಮೈನಸ್ 101 ಬಂದಿದೆ ಎಂದಿಟ್ಟುಕೊಳ್ಳೋಣ. ಪಂಪ್‌ಹೌಸಿನ ಮೇಲೆ ಪೈಪು ನಿಲ್ಲಿಸಿ ರೌಟರನ್ನು ಟವರಿನತ್ತ ತಿರುಗಿಸಿದಾಗ ಅದು ಮೈನಸ್ 91ಕ್ಕೆ ಏರಿದರೆ, ಒಳಕೋಣೆಗೆ ಹೋಲಿಸಿದಲ್ಲಿ 27 ಡೆಸಿಬೆಲ್ ಲಾಭ. ಅಂದರೆ ಶಕ್ತಿಯಲ್ಲಿ 500 ಪಟ್ಟು! ಇದರಲ್ಲಿ 17 ಡೆಸಿಬೆಲ್ ಬಂದದ್ದು ಕೇವಲ ಜಾಗ ಬದಲಿಸಿದ್ದರಿಂದ, ಉಳಿದದ್ದು ಎತ್ತರ ಮತ್ತು ದಿಕ್ಕಿನಿಂದ.

ಬೂಸ್ಟರ್ ಬೇಡ

ಸಿಗ್ನಲ್ ಬೂಸ್ಟರ್ ಅಥವಾ ರಿಪೀಟರ್ ಎಂಬ ಹೆಸರಿನ ಪೆಟ್ಟಿಗೆಗಳು ಮಾರಾಟಕ್ಕೆ ಬರುತ್ತಿರುತ್ತವೆ. ಒಂದೇ ಗುಂಡಿಗೆ ಎಲ್ಲ ಕಂಪನಿಗಳ ಸಿಗ್ನಲ್ ಹೆಚ್ಚುವುದೆಂಬ ಭರವಸೆ ಕೇಳಲು ಚೆಂದ. ಆದರೆ ಪರವಾನಗಿ ಪಡೆದ ದೂರಸಂಪರ್ಕ ಕಂಪನಿಗಳನ್ನು ಬಿಟ್ಟು ಬೇರೆ ಯಾರೂ ಇವನ್ನು ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆ 2022ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಸಿಮ್ ಹಾಕುವ ರೌಟರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಅದು ಫೋನಿನಂತೆ ಟವರಿನ ಅಪ್ಪಣೆಯಂತೆ ನಡೆಯುವ ಯಂತ್ರ.

ನಿಷೇಧಕ್ಕೆ ಕಾರಣವಿದೆ. ಬೂಸ್ಟರ್ ಒಳ್ಳೆಯ ಸಿಗ್ನಲನ್ನಷ್ಟೇ ಅಲ್ಲದೆ ಗದ್ದಲವನ್ನೂ ದೊಡ್ಡದು ಮಾಡಿ ಟವರಿನತ್ತ ಎಸೆಯುತ್ತದೆ. ಒಳಗಿನ ಆಂಟೆನಾ ಹೊರಗಿನದಕ್ಕೆ ಹತ್ತಿರವಿದ್ದರೆ, ಧ್ವನಿವರ್ಧಕದ ಮುಂದೆ ಮೈಕ್ ಹಿಡಿದಾಗ ಕೀಚಿಡುವಂತೆ, ಅದು ತನ್ನ ದನಿಯನ್ನೇ ಮತ್ತೆ ಮತ್ತೆ ಹಿಗ್ಗಿಸತೊಡಗುತ್ತದೆ. ಫೋನುಗಳ ಕ್ಷೀಣ ದನಿಗೆ ಕಿವಿಗೊಟ್ಟು ಕುಳಿತ ಟವರು ಆಗ ಕಿವುಡಾಗುತ್ತದೆ. ಒಬ್ಬರ ತೋಟದ ಬೂಸ್ಟರಿನಿಂದ ಸುತ್ತಲಿನ ಹಳ್ಳಿಗಳ ಕರೆಗಳು ಕಡಿದುಹೋಗಬಹುದು. ರಾತ್ರಿ ಆಂಬುಲೆನ್ಸಿಗೆ 108 ಒತ್ತಿದವರ ಕರೆಯೂ ಅವುಗಳಲ್ಲಿ ಇರಬಹುದು. ಈಗಾಗಲೇ ಕೊಂಡಿರುವವರು ಅದನ್ನು ತೆಗೆದಿಡುವುದು ಲೇಸು. ವಿಸ್ತರಣಾ ಕಾರ್ಯಕರ್ತರು ಇದನ್ನು ರೈತರ ಗಮನಕ್ಕೆ ತರಬೇಕು.

ಜಮೀನಿನಲ್ಲಿ ಟವರ್ ಹಾಕಿಸುತ್ತೇವೆ, ತಿಂಗಳಿಗೆ ಇಷ್ಟು ಬಾಡಿಗೆ, ಮೊದಲು ಶುಲ್ಕ ಕಟ್ಟಿ ಎಂದು ಬರುವ ಕರೆಗಳದ್ದು ಇನ್ನೊಂದು ಮೋಸ. ಟವರ್ ಹಾಕಲು ಟ್ರಾಯ್ ಆಗಲಿ ದೂರಸಂಪರ್ಕ ಇಲಾಖೆಯಾಗಲಿ ಜಮೀನಿನ ಮಾಲೀಕರಿಂದ ಯಾವ ಶುಲ್ಕವನ್ನೂ ಕೇಳುವುದಿಲ್ಲ.

ಟವರೇ ಕೈಕೊಟ್ಟಲ್ಲಿ

ತಾರಸಿಯ ಮೇಲೆಯೂ ಮೈನಸ್ 115 ದಾಟದಿದ್ದರೆ ಮೊಬೈಲ್ ಸಿಗ್ನಲಿನ ಬೆನ್ನು ಬಿಡಬೇಕು. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ತಂತಿ ಎಳೆಯಲಾಗಿದೆ. ಅಲ್ಲಿಂದ ಊರಿನ ಮನೆಗಳಿಗೆ ಸಂಪರ್ಕ ಸಿಗುವ ಕಡೆ ಊರೊಳಗಿನ ಮನೆಗೆ ಫೈಬರ್ ಹಾಕಿಸಿಕೊಂಡು, ತೋಟದ ಮನೆಗೆ ವೈಫೈ ಜೋಡಿ ಆಂಟೆನಾಗಳ ಮೂಲಕ ಒಯ್ಯಬಹುದು. ಒಂದು ಊರಿನ ಮನೆಯ ತಾರಸಿಯ ಮೇಲೆ, ಇನ್ನೊಂದು ತೋಟದ ಮನೆಯ ಮೇಲೆ ಒಂದಕ್ಕೊಂದು ಮುಖಮಾಡಿ ನಿಂತಿರಬೇಕು. ನಡುವೆ ಮರವಾಗಲಿ ದಿಣ್ಣೆಯಾಗಲಿ ಇರಬಾರದು. ಎರಡು ಮೂರು ಕಿಲೋಮೀಟರಿಗೆ ಇದು ಚೆನ್ನಾಗಿ ನಡೆಯುತ್ತದೆ. 2018ರ ಅಧಿಸೂಚನೆಯಂತೆ 5 ಗಿಗಾಹರ್ಟ್ಸ್ ಪಟ್ಟಿಯ ಹಲವು ಭಾಗಗಳನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಬಹುದಾದ್ದರಿಂದ ಕಾನೂನಿನ ತೊಡಕೂ ಇಲ್ಲ. ತಿಂಗಳ ಬಾಡಿಗೆ ಒಂದೇ ಸಂಪರ್ಕಕ್ಕೆ. ಊರಿನ ಮನೆ, ತೋಟದ ಮನೆ ಎರಡಕ್ಕೂ ಆಗುತ್ತದೆ.

ಕಂಪನಿಗೆ ದೂರು ಕೊಡುವುದನ್ನು ಬಿಡಬಾರದು. ದೂರಿನ ಸಂಖ್ಯೆಯನ್ನು ಪಡೆದು ಅಳತೆಯ ಕಾಗದವನ್ನೂ ಜೊತೆಗಿಡಬೇಕು. ಒಬ್ಬರ ದೂರಿಗಿಂತ ಹತ್ತು ತೋಟದವರು ಸೇರಿ ಗ್ರಾಮ ಪಂಚಾಯಿತಿಯ ಮೂಲಕ ಬರೆದದ್ದಕ್ಕೆ ತೂಕ ಹೆಚ್ಚು. ಈ ನಡುವೆ ತುರ್ತು ಕೆಲಸಗಳಿಗೆ ಇಂಟರ್‌ನೆಟ್ ಬೇಡದ ದಾರಿಗಳೂ ಇವೆ. ಬೆಳೆಯ ಸಲಹೆಗೆ 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರ್, ಸಂಖ್ಯೆ 1800-180-1551, ಸಾಮಾನ್ಯ ಕರೆಯಲ್ಲೇ ಉತ್ತರಿಸುತ್ತದೆ. ಬ್ಯಾಂಕ್ ಖಾತೆಯ ಬಾಕಿ ನೋಡಲು *99# ಒತ್ತಿದರೆ ಸಾಕು.

ಸಿಡಿಲು ಮತ್ತು ವಿದ್ಯುತ್ ತಂತಿ

ಬಯಲಿನಲ್ಲಿ ಎತ್ತರಕ್ಕೆ ನಿಲ್ಲಿಸಿದ ಕಬ್ಬಿಣದ ಪೈಪು ಸಿಡಿಲಿಗೆ ಆಹ್ವಾನ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೊದಲೇ ಪೈಪನ್ನು ದಪ್ಪ ತಾಮ್ರದ ತಂತಿಯಿಂದ ಭೂಮಿಗೆ ಸೇರಿಸಬೇಕು. ಅರ್ತಿಂಗ್ ಗುಂಡಿ ತೇವವಾಗಿರಬೇಕು. ಬಚ್ಚಲ ನೀರು ಹರಿಯುವ ಕಡೆ ತೋಡುವುದು ಅನುಕೂಲ. ಕೇಬಲ್ ಮನೆಯೊಳಗೆ ಬರುವಲ್ಲಿ ಸರ್ಜ್ ಅರೆಸ್ಟರ್ ಹಾಕಿಸಬೇಕು. ಇಷ್ಟಾದರೂ ಗುಡುಗು ಹತ್ತಿರ ಬಂದಾಗ ಕೇಬಲನ್ನು ಕಳಚಿಡುವುದೇ ಭದ್ರ. ನೇರ ಸಿಡಿಲನ್ನು ಯಾವ ಸಾಧನವೂ ತಡೆಯಲಾರದು.

ಪೈಪು ನಿಲ್ಲಿಸುವಾಗ ಆಗುವ ಅಪಾಯ ಇದಕ್ಕಿಂತ ದೊಡ್ಡದು. ಎಂಟು ಮೀಟರ್ ಪೈಪು ಕೈತಪ್ಪಿ 11 ಸಾವಿರ ವೋಲ್ಟ್ ತಂತಿಯ ಮೇಲೆ ಒರಗಿದರೆ ಹಿಡಿದವರು ಉಳಿಯುವುದಿಲ್ಲ. ಪೈಪಿನ ಎತ್ತರದ ಒಂದೂವರೆ ಪಟ್ಟು ದೂರದೊಳಗೆ ಯಾವ ವಿದ್ಯುತ್ ತಂತಿಯೂ ಇರಕೂಡದು. ಅಂತಹ ಜಾಗ ಮನೆಯ ಬಳಿ ಇಲ್ಲದಿದ್ದರೆ ಸಿಗ್ನಲ್ ಕಡಿಮೆಯಾದರೂ ಚಿಂತೆಯಿಲ್ಲ, ಗಿಡ್ಡ ಪೈಪನ್ನೇ ಹಾಕಬೇಕು. ಗಾಳಿಯಿರುವ ದಿನ, ಮಳೆಯಲ್ಲಿ ನೆನೆದ ತಾರಸಿಯ ಮೇಲೆ ಈ ಕೆಲಸಕ್ಕೆ ಕೈಹಾಕಬಾರದು.

ವಿದ್ಯುತ್ ಹೋದಾಗಲೂ ರೌಟರ್ ನಡೆಯಬೇಕೆನ್ನುವವರು ಲೆಕ್ಕ ಹೀಗೆ ಹಾಕಬಹುದು. 10 ವಾಟಿನ ರೌಟರಿಗೆ ದಿನಕ್ಕೆ 240 ವಾಟ್-ಗಂಟೆ ಬೇಕು. 12 ವೋಲ್ಟಿನ 40 ಆಂಪಿಯರ್-ಗಂಟೆ ಬ್ಯಾಟರಿಯನ್ನು ಅರ್ಧದಷ್ಟು ಮಾತ್ರ ಬಳಸಿದರೆ ಅಷ್ಟು ದೊರೆಯುತ್ತದೆ, ಬ್ಯಾಟರಿಯ ಬಾಳಿಕೆಯೂ ಕೆಡುವುದಿಲ್ಲ. ಎರಡು ಮೂರು ಗಂಟೆಯ ಅಡಚಣೆಗೆ ರೌಟರಿಗೆಂದೇ ಬರುವ ಚಿಕ್ಕ ಯು.ಪಿ.ಎಸ್. ಸಾಕು.

ಪೈಪಿಗೆ ಮೂರು ಕಡೆಯಿಂದ ಸ್ಟೇ ತಂತಿ ಕಟ್ಟಿ, ಆಷಾಢದ ಗಾಳಿ ಕಳೆದ ಮೇಲೆ ಒಮ್ಮೆ ಹತ್ತಿ ನೋಡಬೇಕು. ಗಾಳಿಗೆ ಪೈಪು ಸ್ವಲ್ಪ ತಿರುಗಿದರೂ ದಿಕ್ಕು ತಪ್ಪುತ್ತದೆ; ದಿಕ್ಕು ಹೊಂದಿಸಿದ ದಿನವೇ ಪೈಪಿಗೂ ಕ್ಲಾಂಪಿಗೂ ಸೇರಿದಂತೆ ಬಣ್ಣದ ಗೆರೆ ಎಳೆದಿಟ್ಟಿದ್ದರೆ ಎಷ್ಟು ತಿರುಗಿದೆಯೆಂಬುದು ನೋಡಿದೊಡನೆ ತಿಳಿಯುತ್ತದೆ. ಕೇಬಲ್ ಸೇರುವ ಕಡೆ ಸುತ್ತಿದ ರಬ್ಬರ್ ಟೇಪು ಬಿರಿದಿದ್ದರೆ ಬದಲಾಯಿಸಬೇಕು, ಮತ್ತು ಮನೆಯೊಳಗೆ ಬರುವ ಮುನ್ನ ಕೇಬಲನ್ನು ಒಮ್ಮೆ ಕೆಳಕ್ಕೆ ಜೋಲುಬಿಟ್ಟು ಒಳಗೆ ತಂದರೆ ಮಳೆಯ ನೀರು ಅದರ ಮೇಲೆ ಹರಿದು ರೌಟರಿನವರೆಗೆ ಬರುವುದಿಲ್ಲ.